ಒಮಾನಿನಲ್ಲಿ ದ್ಯಾವಮ್ಮನ ಪಂಚಾಯ್ತಿ

ಮಸ್ಕತ್ ವಿಮಾನ ನಿಲ್ದಾಣ

ಕಸ್ಟಮ್ಸ್ ಅಧಿಕಾರಿ ನನ್ನ ಚೀಲ ಬಿಚ್ಚಿಸಿದಾಗ ಮೊದಲು ಕಂಡದ್ದು ರಾಗಿ ಹಿಟ್ಟು, ಆಮೇಲೆ ಕಡ್ಲೆಕಾಯಿ ಚಟ್ನಿಪುಡಿ, ಅದರ ಕೆಳಗೆ ಒಂದು ದಪ್ಪ ಕಾದಂಬರಿ. ಹಿಟ್ಟನ್ನೂ ಪುಡಿಯನ್ನೂ ಮೂಸಿ ಬದಿಗಿಟ್ಟ. ಪುಸ್ತಕವನ್ನು ಮಾತ್ರ ಬಿಡಲಿಲ್ಲ. ಹಾಳೆ ತಿರುವಿ, ನಮ್ಮ ದುಂಡು ಅಕ್ಷರಗಳ ಮೇಲೆ ಬೆರಳಾಡಿಸಿ, ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದ. ಕತೆ ಅಂದೆ. ಏನು ಕತೆ ಅಂದ.

ಹಿಂದೆ ಸಾಲು ಉದ್ದಕ್ಕೆ ನಿಂತಿತ್ತು. ಆದರೆ ಪುಸ್ತಕದ ವಿಷಯ ಕೇಳಿದವರನ್ನು ಅರ್ಧಕ್ಕೆ ಬಿಟ್ಟು ಹೋಗುವ ಜಾಯಮಾನ ನನ್ನದಲ್ಲ. ದ್ಯಾವಮ್ಮ ಅನ್ನುವವಳ ಹೊಲದಲ್ಲಿ ಅವಳ ತಮ್ಮ ಒಂದು ಬಾವಿ ತೋಡುತ್ತಾನೆ, ಊರೆಲ್ಲ ಆ ನೀರು ಕುಡಿಯುತ್ತದೆ, ಒಂದು ದಿನ ದ್ಯಾವಮ್ಮ ಬಾವಿಗೆ ಬಾಗಿಲು ಮಾಡಿಸಿ ಬೀಗ ಹಾಕುತ್ತಾಳೆ, ನಾನು ಅಲ್ಲಿವರೆಗೆ ಓದಿದ್ದೇನೆ ಅಂದೆ. ನನ್ನ ಇಂಗ್ಲಿಷು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಎದುರಿನವರಿಗೆ ಆಗದಿದ್ದರೆ ಅದು ಅವರ ಕಷ್ಟ. ಈತನಿಗೆ ಆಯಿತೆಂದೇ ಕಾಣುತ್ತದೆ. "ಬ್ಯಾಡ್ ವುಮನ್" ಎಂದು ತೀರ್ಪು ಕೊಟ್ಟು ಚೀಲದ ಜಿಪ್ಪು ಎಳೆದ.

ಒಮಾನಿನ ನೆಲದಲ್ಲಿ ಕಾಲಿಟ್ಟು ಅರ್ಧ ಗಂಟೆಯಾಗಿರಲಿಲ್ಲ, ಆಗಲೇ ನಮ್ಮ ಗುಂಪಿಗೆ ಇನ್ನೊಬ್ಬ ಸದಸ್ಯ ಸಿಕ್ಕಂತಾಯಿತು.

ಗುಂಪಿನ ವಿಷಯ ಹೇಳಬೇಕು. ನಾನು ಮಧುಗಿರಿಯ ಹತ್ತಿರ ಒಂದು ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೇನೆ. ದನ ಕರು, ಆಡು ಕುರಿ ನನ್ನ ಹೊಟ್ಟೆಪಾಡು. ಪುಸ್ತಕ ನನ್ನ ಚಟ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇದೇ ಚಟದವರನ್ನು ಹೆಕ್ಕಿ ಒಂದು ವಾಟ್ಸಪ್ ಗುಂಪು ಕಟ್ಟಿದ್ದೇನೆ. ಅದರ ಹೆಸರು "ಈಗೇನು ಓದ್ತಿದ್ದೀರಿ". ಓದಿ ಮುಗಿಸಿದವರ ಜಂಭ ನಮಗೆ ಬೇಡ. ಕೈಯಲ್ಲಿರುವ ಪುಸ್ತಕ, ಬಂದಿರುವ ಪುಟ, ಆ ಹೊತ್ತಿಗೆ ಅನ್ನಿಸಿದ್ದು, ಇಷ್ಟನ್ನೇ ಭಾನುವಾರ ಮಾತಾಡಿ ಕಳಿಸಬೇಕು. ಟೈಪು ಮಾಡುವಂತಿಲ್ಲ, ಬಾಯಲ್ಲೇ ಹೇಳಬೇಕು. ಸಿದ್ದರಬೆಟ್ಟದ ಬುಡದಲ್ಲಿ ಹೂವಿನ ಅಂಗಡಿ ಇಟ್ಟಿರುವ ಕೊರಟಗೆರೆಯ ಪದ್ಮಕ್ಕ ಇದ್ದಾಳೆ. ಪಾವಗಡದ ತಿರುಮಣಿಯ ಅಂಜಿನಪ್ಪ ಇದ್ದಾನೆ. ಹೊಲವನ್ನು ಸೋಲಾರ್ ಕಂಪನಿಗೆ ಗುತ್ತಿಗೆ ಕೊಟ್ಟ ಮೇಲೆ "ಸೂರ್ಯ ದುಡೀತಾನೆ, ನಾನು ಓದ್ತೀನಿ" ಎಂದು ಕಾಲು ಚಾಚಿದವನು. ಇವರೆಲ್ಲರನ್ನೂ ನಡುಗಿಸುವವಳು ನಸೀಮಾ.

ನಸೀಮಾ ಶಿರಾದವಳು, ಹೈಸ್ಕೂಲಿನಿಂದ ನನ್ನ ಗೆಳತಿ. ಗಂಡ ಬಷೀರಣ್ಣನಿಗೆ ಮಸ್ಕತ್ತಿನ ಮತ್ರಾದಲ್ಲಿ ಟೈಲರ್ ಅಂಗಡಿ. ಮದುವೆಯಾದ ಮೇಲೆ ಅಲ್ಲೇ ಇದ್ದಾಳೆ. ಭಾನುವಾರ ಎಲ್ಲರ ಮಾತೂ ಮುಗಿದ ಮೇಲೆ ಅವಳ ಮಾತು ಬರುತ್ತಿತ್ತು, ಬೆಂಕಿಕಡ್ಡಿ ಗೀರಿದ ಹಾಗೆ. ದ್ಯಾವಮ್ಮನನ್ನು ಅಂಜಿನಪ್ಪ "ಗಟ್ಟಿ ಹೆಂಗ್ಸು" ಎಂದು ಹೊಗಳಿದ ವಾರ ನಸೀಮಾ ಉಗಿದದ್ದನ್ನು ನಾವು ಯಾರೂ ಮರೆತಿಲ್ಲ. "ನೀರಿಗೆ ಬೀಗ ಹಾಕಿದೋಳು ಗಟ್ಟಿ ಅಲ್ಲ ಕಣಪ್ಪಾ, ಸೊಕ್ಕಿನೋಳು. ಅಂಥೋಳ ಕತೆ ಯಾಕೆ ಬರೀಬೇಕು, ಯಾಕೆ ಓದಬೇಕು?" ಶಿರಾದಿಂದ ಮಸ್ಕತ್ತಿಗೆ ಹೊರಟವರ ಕೈಯಲ್ಲೆಲ್ಲ ನಾನು ಅವಳಿಗೆ ಪುಸ್ತಕ ಕಳಿಸುತ್ತಿದ್ದೆ. ಇದನ್ನೂ ಕಳಿಸಿದ್ದೆ. ಈ ಸಲ ನಾನೇ ಹೊರಟೆ.

ಮತ್ರಾ

ಬಂದರಿನ ಎದುರು ಬಿಳೀ ಮನೆಗಳು, ಹಿಂದೆ ಹುಲ್ಲುಕಡ್ಡಿಯೂ ಇಲ್ಲದ ಕಲ್ಲುಬೆಟ್ಟ. ಮಧುಗಿರಿಯವರಿಗೆ ಬೋಳು ಬಂಡೆ ತೋರಿಸಿ ಬೆರಗುಪಡಿಸಲು ಆಗುವುದಿಲ್ಲ; ನಮ್ಮದು ಇದಕ್ಕಿಂತ ದೊಡ್ಡದು, ಅದೂ ಒಂದೇ ಬಂಡೆ. ಆದರೆ ಸಂತೆಬೀದಿಯ ಘಮಕ್ಕೆ ಸೋತೆ. ಶಿರಾದ ದರ್ಗಾದಲ್ಲಿ ಗುರುವಾರ ಸಂಜೆ ಒಂದು ಚಿಟಿಕೆ ಲೋಬಾನದ ಧೂಪ ಹಾಕುತ್ತಾರಲ್ಲ, ಇಲ್ಲಿ ಅದನ್ನು ಬೀದಿ ಬೀದಿಗೇ ಹಾಕುತ್ತಾರೆ.

ನಸೀಮಾ ಬಾಗಿಲಲ್ಲೇ ನಿಂತಿದ್ದಳು.

"ಬಂದ್ಬುಟ್ಟೇನೇ ಗಿರಿಜಾ! ತೂಕ ಜಾಸ್ತಿ ಆಗಿದೀಯ. ಮೆಟ್ಲು ಹತ್ತೋ ಸದ್ದಲ್ಲೇ ಗೊತ್ತಾಯ್ತು."

ಅಪ್ಪಿಕೊಂಡು ಅತ್ತೆವು, ನಕ್ಕೆವು, ಊಟಕ್ಕೆ ಕೂತೆವು. ಊಟವಾದ ಮೇಲೆ ನಾನು ಚೀಲದಿಂದ ಪುಸ್ತಕ ತೆಗೆದು ಅವಳ ಕೈಗಿತ್ತೆ. "ನನ್ನದನ್ನೂ ತಂದಿದೀನಿ ನೋಡು, ದ್ಯಾವಮ್ಮ." ನಸೀಮಾ ಮುಖಪುಟ ಸವರಿ, "ಎಷ್ಟು ಚೆಂದಾಗಿ ಚಿತ್ರ ಬರ್ದವ್ನೆ ಅಲ್ವೇನೇ ಆ ಬಾವೀದು" ಅಂದಳು.

ಮುಖಪುಟದಲ್ಲಿ ಬಾವಿ ಇಲ್ಲ. ಒಂದು ಹೆಂಗಸಿನ ಮುಖವಿದೆ, ಪುಟದ ತುಂಬ.

ಕೈ ಒರೆಸಲು ಟವೆಲ್ ಬೇಕೆಂದು ಬೀರು ತೆಗೆದೆ. ಒಳಗೆ ನಾನು ಕಳಿಸಿದ ಪುಸ್ತಕಗಳೆಲ್ಲ ಪೇರಿಸಿಟ್ಟಿದ್ದವು. ಎಲ್ಲಕ್ಕೂ ನಾನೇ ಸುತ್ತಿದ ಪ್ಲಾಸ್ಟಿಕ್ಕು, ನಾನೇ ಅಂಟಿಸಿದ ಟೇಪು. ಒಂದನ್ನೂ ಬಿಚ್ಚಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಇವಳ ಬೈಗುಳ ಕೇಳಿ ಎಷ್ಟು ಸಲ ನನ್ನ ಅಭಿಪ್ರಾಯ ನುಂಗಿಕೊಂಡಿದ್ದೆ!

"ಒಂದಾದ್ರೂ ಓದಿದೀಯೇನೇ?"

ಬಷೀರಣ್ಣ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದ. ನಸೀಮಾ ಪುಸ್ತಕವನ್ನು ಪಕ್ಕಕ್ಕಿಟ್ಟಳು.

"ಸಕ್ಕರೆ ಕಾಯಿಲೆ ಕಣೇ. ಕಣ್ಣಿನ ಹಿಂದ್ಗಡೆ ತಿಂದಾಕ್ಬುಟ್ಟಿದೆ. ಲೇಸರ್ ಹೊಡೆದವ್ರೆ, ಇನ್ನು ಕೆಡಲ್ಲ ಅಂದವ್ರೆ, ಹೋಗಿದ್ದು ಮಾತ್ರ ಬರಲ್ಲ. ಮನುಷ್ಯರು ಕಾಣ್ತಾರೆ, ಮುಖ ಕಾಣಲ್ಲ. ಅಕ್ಷರ ಅಂತೂ ಇರುವೆ ಗೂಡು ಕದಡಿದಂಗೆ."

"ಮತ್ತೆ ಪ್ರತಿ ಭಾನುವಾರ ಅಷ್ಟುದ್ದ ಮಾತಾಡ್ತಿದ್ಯಲ್ಲೇ!"

"ನಿಮ್ದೆಲ್ಲ ಕೇಳಿಸ್ಕಂಡು ಕೊನೇಲಿ ಮಾತಾಡ್ತಿದ್ದೆ. ಅಂಜಿನಪ್ಪ ಏನಂದ್ನೋ ಅದರ ಉಲ್ಟಾ ಅಂದ್ಬುಟ್ರೆ ಆಯ್ತು. ಮುಕ್ಕಾಲು ಪಾಲು ಸರಿಯಾಗೇ ಇರ್ತಿತ್ತು."

ಸಿಟ್ಟಿನಲ್ಲಿದ್ದವಳು ನಕ್ಕುಬಿಟ್ಟೆ. ಅಂಜಿನಪ್ಪನ ವಿಷಯದಲ್ಲಿ ಅವಳ ಲೆಕ್ಕ ತಪ್ಪಲ್ಲ. ಫೋನೇ ಪುಸ್ತಕ ಓದಿ ಹೇಳುತ್ತದಂತಲ್ಲ, ಅದನ್ನಾದರೂ ಕೇಳಬಾರದಾ ಅಂದೆ. "ಆ ಮಿಷನ್ನು ಕನ್ನಡ ಓದೋದು ಬಸ್ ಸ್ಟ್ಯಾಂಡಲ್ಲಿ ಕೂಗ್ದಂಗೆ ಇರುತ್ತೆ. ಇವ್ರಿಗೆ ಉರ್ದು ಬಿಟ್ರೆ ಓದೋಕೆ ಬರಲ್ಲ." ಹಾಗಿದ್ದರೆ ಗುಂಪಿಗೆ ನಿಜ ಹೇಳಬಹುದಿತ್ತಲ್ಲ ಅಂದದ್ದಕ್ಕೆ ಅವಳ ದನಿ ಗಟ್ಟಿಯಾಯಿತು.

"ಹೇಳ್ಬುಟ್ರೆ ಏನಾಗುತ್ತೆ ಗೊತ್ತೇನೇ? ಇಲ್ಲಿ ಎಲ್ರೂ ಅಯ್ಯೋ ಪಾಪ ಅಂತಾರೆ. ಸಾರಿಗೆ ಎರಡು ಸಲ ಉಪ್ಪು ಹಾಕಿದ್ರೂ ಇವ್ರು ಚೆನ್ನಾಗದೆ ಅಂತ ತಿಂತಾರೆ. ನನ್ ಜತೆ ಜಗಳ ಆಡೋರು ಅಂತ ಉಳಿದಿರೋದು ನೀವಷ್ಟೇ. ನೀವೂ ಹೂಂ ಹೂಂ ಅಂದ್ಬುಟ್ರೆ ನಾನು ಇದ್ರೆಷ್ಟು, ಹೋದ್ರೆಷ್ಟು?"

ಆದರೆ ತೊಂದರೆ ಆಗಲೇ ಮನೆ ಬಾಗಿಲಿಗೆ ಬಂದಿತ್ತು. ಗಿರಿಜಮ್ಮ ಮಸ್ಕತ್ತಿನಲ್ಲಿರುವ ಭಾನುವಾರ ಎಲ್ಲರೂ ವಿಡಿಯೋದಲ್ಲಿ ಸೇರೋಣ, ನಸೀಮಮ್ಮ ದ್ಯಾವಮ್ಮನ ಕತೆಯಿಂದ ಒಂದು ಪುಟ ಓದಿ ತೋರಿಸಲಿ, ಆಮೇಲೆ ಜಗಳಾಡೋಣ ಎಂದು ಅಂಜಿನಪ್ಪ ಗೊತ್ತುಮಾಡಿದ್ದ. ನಸೀಮಾ ಒಪ್ಪಿಯೂ ಬಿಟ್ಟಿದ್ದಳು.

"ಒಂದು ಪುಟ ಬಾಯಿಪಾಠ ಮಾಡ್ಸೇ" ಅಂದಳು. "ಹೈಸ್ಕೂಲಲ್ಲಿ ಪದ್ಯ ಎಲ್ಲ ನಂಗೇ ತಾನೇ ಬರ್ತಿದ್ದಿದ್ದು? ಪುಸ್ತಕ ಮುಂದೆ ಹಿಡ್ಕಂಡು ಹೇಳ್ಬುಡ್ತೀನಿ. ಯಾವ ನರಪಿಳ್ಳೆಗೂ ಗೊತ್ತಾಗಲ್ಲ."

ಆಗಲಿ ಅಂದೆ. ಆದರೆ ಒಂದು ಷರತ್ತು ಹಾಕಿದೆ: ಒಂದು ಪುಟ ಓದುವುದಿಲ್ಲ, ಮೊದಲಿಂದ ಕೊನೆವರೆಗೆ ಓದುತ್ತೇನೆ, ಕೇಳಬೇಕು. ನನ್ನ ಓದೂ ಅರ್ಧದಲ್ಲೇ ಇತ್ತಲ್ಲ.

ನಿಜ್ವಾ ಊರಿನ ದಾರಿ

ಬಷೀರಣ್ಣ ಅಂಗಡಿಯನ್ನು ಕೆಲಸದವರಿಗೆ ಒಪ್ಪಿಸಿ ನಮ್ಮನ್ನು ಕಾರಿನಲ್ಲಿ ನಿಜ್ವಾ ಊರಿಗೆ ಹೊರಡಿಸಿದ. ನಾವಿಬ್ಬರೂ ಹಿಂದಿನ ಸೀಟಿನಲ್ಲಿ, ನಡುವೆ ದ್ಯಾವಮ್ಮ. ಇಲ್ಲಿನ ಕಾರುಗಳು ವೇಗ ಮಿತಿ ಮೀರಿದರೆ ಟಿಣ್ ಟಿಣ್ ಎಂದು ಗಂಟೆ ಬಾರಿಸುತ್ತವೆ. ದ್ಯಾವಮ್ಮ ಊರವರೊಂದಿಗೆ ಜಗಳಕ್ಕೆ ನಿಂತಾಗಲೆಲ್ಲ ನಮ್ಮ ಕಾರು ಗಂಟೆ ಬಾರಿಸುತ್ತಿತ್ತು. ಬಷೀರಣ್ಣನೂ ಕಿವಿಗೊಟ್ಟು ಕೇಳುತ್ತಿದ್ದಾನೆ, ಕಾಲು ಆಕ್ಸಿಲರೇಟರ್ ಒತ್ತುತ್ತಿದೆ ಎಂದು ಆಮೇಲೆ ಹೊಳೆಯಿತು.

ನಿಜ್ವಾದ ಶುಕ್ರವಾರದ ಆಡಿನ ಸಂತೆ ನೋಡಲೇಬೇಕೆಂದು ನಾನು ಹಟ ಹಿಡಿದಿದ್ದೆ. ನಮ್ಮ ಶಿರಾ ಕಡೆ ಕುರಿ ನಿಂತಿರುತ್ತದೆ, ಕೊಳ್ಳುವವನು ಸುತ್ತುತ್ತಾನೆ. ಇಲ್ಲಿ ಕೊಳ್ಳುವವರು ದುಂಡಗೆ ಕೂತಿರುತ್ತಾರೆ, ಮಾರುವವರು ಆಡು ಎಳೆದುಕೊಂಡು ಸುತ್ತುತ್ತಾರೆ. ನನ್ನ ಮುಂದೆ ಒಂದು ಚೆಂದದ ಹೋತ ಬಂತು. ಕೈ ಸುಮ್ಮನಿರಬೇಕಲ್ಲ! ಇಷ್ಟು ವರ್ಷದ ಅಭ್ಯಾಸ, ತುಟಿ ಬಿಡಿಸಿ ಹಲ್ಲು ನೋಡಿಯೇಬಿಟ್ಟೆ. ಯಜಮಾನ ಹಗ್ಗವನ್ನು ನನ್ನ ಕೈಗೆ ಕೊಟ್ಟ. ಹಲ್ಲು ನೋಡಿದವರು ಕೊಂಡಂತೆಯೇ ಎಂದು ಅವನು ತಿಳಿದನೋ, ತಮಾಷೆಗೆ ಕೊಟ್ಟನೋ, ನಾನು ಸೀರೆ ಸೆರಗು ಸಿಕ್ಕಿಸಿಕೊಂಡು ಹೋತದ ಜೊತೆ ಪೂರಾ ಒಂದು ಸುತ್ತು ಹಾಕಬೇಕಾಯಿತು. ಸಂತೆಗೆ ಸಂತೆಯೇ ನಕ್ಕಿತು. ನಸೀಮಾ ಅರಬ್ಬಿಯಲ್ಲಿ ಏನೋ ಹೇಳಿ ನನ್ನನ್ನು ಬಿಡಿಸಿದಳು.

ಆ ಯಜಮಾನ ನಮ್ಮನ್ನು ಹಾಗೇ ಕಳಿಸಲಿಲ್ಲ. ಚಾಪೆಯ ಮೇಲೆ ಕೂರಿಸಿ ಖರ್ಜೂರ ಇಟ್ಟ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಏಲಕ್ಕಿಯ ಕಹಿ ಕಾಫಿ ಸುರಿದ. ಕುಡಿದು ಇಟ್ಟೆ, ಮತ್ತೆ ಸುರಿದ. ಮರ್ಯಾದೆಗೆ ಕುಡಿದೆ, ಮತ್ತೆ ಸುರಿದ. ಸಾಕು ಎನ್ನಲು ಬಟ್ಟಲನ್ನು ಒಂದಿಷ್ಟು ಅಲ್ಲಾಡಿಸಿ ಕೊಡಬೇಕಂತೆ. ಅದನ್ನು ನಸೀಮಾ ನನ್ನ ಹೊಟ್ಟೆ ಕೆಂಡವಾದ ಮೇಲೆ ಹೇಳಿದಳು. ನಮ್ಮಲ್ಲಿ ಬೇಡ ಬೇಡ ಎನ್ನುತ್ತ ಕೈ ಅಡ್ಡ ಹಿಡಿದರೂ ಬಡಿಸುತ್ತಾರೆ. ಅದಕ್ಕಿಂತ ಇದು ವಾಸಿ, ಗೊತ್ತಿದ್ದರೆ.

ಕೈಯಲ್ಲಿದ್ದ ಪುಸ್ತಕ ಏನೆಂದು ಅವನೂ ಕೇಳಿದ. ನಸೀಮಾ ಅರಬ್ಬಿಯಲ್ಲಿ ದ್ಯಾವಮ್ಮನ ಕತೆ ಹೇಳಿದಳು. ಕೈ ಬೀಸಿ, ಬೀಗ ಹಾಕಿ, ಊರವರ ಹಾಗೆ ಕೂಗಿ. ಅಕ್ಕಪಕ್ಕದವರೂ ಆಡು ಬಿಟ್ಟು ಬಂದು ನಿಂತರು. ನೀರಿಗೆ ಬೀಗ ಅನ್ನುವಲ್ಲಿ ಎಲ್ಲರೂ ತಲೆ ಅಲ್ಲಾಡಿಸಿದರು. ಯಜಮಾನ ಎದೆ ಮುಟ್ಟಿಕೊಂಡು ಏನೋ ಗಟ್ಟಿಯಾಗಿ ಅಂದ.

"ಆ ಊರಲ್ಲಿ ಗಂಡಸರಿರಲಿಲ್ವಾ, ಬೀಗ ಒಡೆಯೋಕೆ ಅಂತವ್ನೆ" ಎಂದು ನಸೀಮಾ ಹಿಗ್ಗಿದಳು. "ನೋಡ್ದೇನೇ? ಓದದೇ ಹೇಳಿದ್ರೂ ಸರಿಯಾಗೇ ಹೇಳಿದೀನಿ. ಒಮಾನಿಗೆ ಒಮಾನೇ ನನ್ ಕಡೆ."

ಬಿರ್ಕತ್ ಅಲ್ ಮೌಜ್

ನಿಜ್ವಾದ ಹತ್ತಿರ ಖರ್ಜೂರದ ತೋಟಗಳ ಊರು ಇದು. ಬೆಟ್ಟದ ಬುಡದಿಂದ ಕಲ್ಲುಕಾಲುವೆಯಲ್ಲಿ ನೀರು ತಾನೇ ಹರಿದು ಬರುತ್ತದೆ. ಪಂಪಿಲ್ಲ, ಮೋಟರಿಲ್ಲ. ಅದಕ್ಕೆ ಫಲಜ್ ಅನ್ನುತ್ತಾರೆ. ಯಾವ ತೋಟಕ್ಕೆ ಎಷ್ಟು ಹೊತ್ತು ನೀರು ಎನ್ನುವುದು ತಾತ ಮುತ್ತಾತರ ಕಾಲದಿಂದ ನಿಗದಿ. ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಗಳಲ್ಲಿ ಮರಳು ಬಗೆದರೆ ಉಕ್ಕುವ ನಮ್ಮ ತಲಪರಿಗೆಗಳದೂ ಇದೇ ಕಾನೂನು. ಒರತೆಗೆ ಕಾಲುವೆ, ಕಾಲುವೆಗೆ ಸರದಿ, ಸರದಿ ಕಾಯಲು ನೀರುಗಂಟಿ. ಇವರು ಉಳಿಸಿಕೊಂಡಿದ್ದಾರೆ. ನಾವು ಬಹಳಷ್ಟನ್ನು ಬೋರ್‌ವೆಲ್ಲಿನ ಕೈಗೆ ಕೊಟ್ಟು ಹಳ್ಳದಲ್ಲಿ ಜಾಲಿ ಬೆಳೆಸಿದ್ದೇವೆ. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಮಧ್ಯಾಹ್ನವೆಲ್ಲ ಓದಿದೆ. ನಸೀಮಾಳಂಥ ಕೇಳುಗರನ್ನು ನಾನು ಕಂಡಿಲ್ಲ. ಒಂದು ಸಾಲು ನುಂಗಿದರೂ ಹಿಡಿಯುತ್ತಿದ್ದಳು. "ಇರು, ಇರು, ತಮ್ಮ ಎತ್ತು ಮಾರಿ ಬಾವಿ ತೋಡ್ಸಿದ್ದ ಅಂದ್ಯಲ್ಲ, ಈಗ ಹೊಲ ಉಳ್ತಿರೋದು ಯಾವ ಎತ್ತಲ್ಲಿ?" ಎರಡು ಪುಟದ ಹಿಂದೆ ನೋಡಿದರೆ ಬಾಡಿಗೆ ಎತ್ತು ಎಂದಿತ್ತು. ನಾನು ಗಮನಿಸಿರಲೇ ಇಲ್ಲ. ಅವಳು ಆರಿಸಿಕೊಂಡ ಪುಟ, ದ್ಯಾವಮ್ಮ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಊರ ನಡುವೆ ನಡೆದುಹೋಗುವ ಪುಟ, ಸೂರ್ಯ ಇಳಿಯುವ ಹೊತ್ತಿಗೆ ಅವಳಿಗೆ ಬಾಯಿಗೆ ಬಂದಿತ್ತು. ಅಲ್ಪವಿರಾಮ ಸಮೇತ ಹೇಳುತ್ತಿದ್ದಳು. ಭಾನುವಾರದ ಚಿಂತೆ ತೀರಿತು ಎಂದುಕೊಂಡೆ.

ಸೂರ್

ಮರದ ಹಡಗು ಕಟ್ಟುವ ಊರು. ನಮ್ಮ ಕಡೆಯವರು ನೀರು ಕಂಡರೆ ಕೈ ಮುಗಿಯುತ್ತೇವೆ. ನಾನು ಸಮುದ್ರಕ್ಕೂ ಮುಗಿದೆ. ಕಣ್ಣು ಹಾಯುವವರೆಗೂ ನೀರು, ಬೊಗಸೆಯಷ್ಟೂ ಕುಡಿಯುವಂತಿಲ್ಲ.

ಕೊನೆಯ ಅಧ್ಯಾಯಗಳನ್ನು ಆ ದಂಡೆಯಲ್ಲಿ ಕೂತು ಓದಿದೆ. ನನಗೂ ಅದು ಹೊಸದೇ. ದ್ಯಾವಮ್ಮನ ಮಗಳ ಕಾಲು ಸೊಟ್ಟಗಾಗುತ್ತ ಬಂದಿರುತ್ತದೆ. ಅವಳು ಮಗಳನ್ನು ಕರೆದುಕೊಂಡು ಯಾರಿಗೂ ಹೇಳದೆ ದೂರದ ಆಸ್ಪತ್ರೆಗೆ ಹೋಗಿರುತ್ತಾಳೆ. ಅಲ್ಲಿ ಡಾಕ್ಟರು ಹೇಳುತ್ತಾರೆ, ಕೆಟ್ಟಿರುವುದು ಮಗು ಅಲ್ಲ, ನೀರು. ತಮ್ಮ ಎತ್ತು ಮಾರಿ, ಕೈ ಕಿತ್ತುಹೋಗುವಂತೆ ತೋಡಿದ ಬಾವಿ. ಅಕ್ಕನ ಹೊಲಕ್ಕೆ ಗಂಗೆ ತಂದವನು ಎಂದು ಊರು ಅವನನ್ನು ಹೊತ್ತು ಮೆರೆಸಿದೆ. ನೀನು ತೋಡಿದ್ದು ವಿಷ ಎಂದು ಅವನಿಗೆ ಹೇಳಲು ಅವಳಿಗೆ ಬಾಯಿ ಬರುವುದಿಲ್ಲ. ಬೀಗ ಹಾಕುತ್ತಾಳೆ. ಸೊಕ್ಕಿನವಳು ಅನ್ನಿಸಿಕೊಳ್ಳುತ್ತಾಳೆ. ತಮ್ಮನೇ ಬಂದು ಮುಖಕ್ಕೆ ಉಗಿಯುತ್ತಾನೆ, ಆಗಲೂ ಹೇಳುವುದಿಲ್ಲ.

ಓದಿ ಮುಗಿಸಿ ಪುಸ್ತಕ ಮುಚ್ಚಿದೆ. ನಸೀಮಾ ಬುರ್ಖಾದ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಅವಳನ್ನ ಸೊಕ್ಕಿನೋಳು ಅಂದ್ಬುಟ್ಟೆನಲ್ಲೇ" ಅಂದಳು. "ಎಲ್ರೆದುರ್ಗೂ ಅಂದ್ಬುಟ್ಟೆ."

"ಕತೆ ಕಣೇ ಅದು. ಅವಳು ಇಲ್ಲ."

"ನಾನು ಬೈದಿದ್ದು ಇದೆಯಲ್ಲ."

ಮಸ್ಕತ್ತಿಗೆ ವಾಪಸಾಗುವವರೆಗೂ ಅವಳು ಪುಸ್ತಕವನ್ನು ಮಡಿಲಿನಿಂದ ಇಳಿಸಲಿಲ್ಲ. ಬಷೀರಣ್ಣ ನಿಧಾನವಾಗಿ ಓಡಿಸಿದ, ಕಾರು ಒಂದು ಸಲವೂ ಗಂಟೆ ಬಾರಿಸಲಿಲ್ಲ.

ಭಾನುವಾರ, ಮತ್ತೆ ಮತ್ರಾ

ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟೆವು. ನಸೀಮಾ ಇಸ್ತ್ರಿ ಮಾಡಿದ ದುಪಟ್ಟಾ ಹೊದ್ದು ಪುಸ್ತಕ ಹಿಡಿದು ಕೂತಳು. ಪುಟ ಯಾವುದೆಂದು ನಾನೇ ತೆಗೆದುಕೊಟ್ಟಿದ್ದೆ. ಪರದೆಯ ಒಂದು ಮೂಲೆಯಲ್ಲಿ ಪದ್ಮಕ್ಕ, ಹೂವು ಕಟ್ಟುತ್ತಲೇ. ಇನ್ನೊಂದು ಮೂಲೆಯಲ್ಲಿ ಅಂಜಿನಪ್ಪನ ಹಣೆ ಮಾತ್ರ. ಫೋನು ಹಿಡಿಯುವುದು ಅವನಿಗೆ ಇನ್ನೂ ಬಂದಿಲ್ಲ.

"ಕಾನೀ ನಸೀಮಮ್ಮಾ, ಶುರು ಹಚ್ಕೋ" ಅಂದ, ತನ್ನ ಅರೆ ತೆಲುಗಿನಲ್ಲಿ.

ನಸೀಮಾ ಶುರು ಮಾಡಿದಳು. ಸೆರಗು, ಗಂಟು, ಬೀಗದ ಕೈ. ಮೂರು ಸಾಲು ನಿರರ್ಗಳವಾಗಿ ಬಂತು. ನಾಲ್ಕನೆಯದಕ್ಕೆ ನಿಂತಳು. ಮರೆತಳು ಎಂದು ನಾನು ಮೆಲ್ಲಗೆ ಪಿಸುಗುಟ್ಟಿದೆ. ಅವಳು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು.

"ಬಾಯಿಪಾಠ ಹೇಳ್ತಿದೀನಿ, ಓದ್ತಾ ಇಲ್ಲ" ಅಂದಳು. "ನಂಗೆ ಅಕ್ಷರ ಕಾಣಲ್ಲ. ಎರಡು ವರ್ಷದಿಂದ ಒಂದು ಪುಸ್ತಕಾನೂ ಓದಿಲ್ಲ, ನಿಮ್ ಮಾತು ಕೇಳ್ಕಂಡು ನಿಮ್ಗೇ ಬೈತಿದ್ದೆ. ಅದನ್ನ ಹೇಳ್ದೆ ಇದ್ಬುಡ್ತಿದ್ದೆ. ಆದ್ರೆ ಈ ದ್ಯಾವಮ್ಮನ್ನ ಸೊಕ್ಕಿನೋಳು ಅಂದಿದ್ದೆ, ಅದು ತಪ್ಪು. ಗಿರಿಜಾ ಓದಿದ್ಲು, ಪೂರಾ ಕೇಳ್ದೆ. ಅವಳಂಥ ಹೆಣ್ಮಗಳು ಇಲ್ಲ. ಓದ್ದೆ ಬೈದೆ ಅಂತ ಹೇಳ್ದೆ ಹೋದ್ರೆ, ಆ ಮಾತು ವಾಪಸ್ ತಗಳಕ್ಕಾಗಲ್ಲ. ಅದುಕ್ಕೇ ಹೇಳ್ತಿದೀನಿ."

ಪದ್ಮಕ್ಕನ ಕೈಯಲ್ಲಿ ಹೂವು ನಿಂತಿತು. ಅಂಜಿನಪ್ಪನ ಹಣೆ ಅಲುಗಾಡಲಿಲ್ಲ. ನಸೀಮಾ ನನ್ನ ಮೊಣಕೈ ಹಿಡಿದಿದ್ದಳು, ಉಗುರು ಚುಚ್ಚುವಷ್ಟು ಬಿಗಿಯಾಗಿ. ಈಗ ಬರುತ್ತದೆ ಅಯ್ಯೋ ಪಾಪ ಎಂದು ನಾನೂ ಕಾದೆ.

"ಅದೆಟ್ಲಮ್ಮಾ?" ಎಂದ ಅಂಜಿನಪ್ಪ. ದನಿ ಏರಿತ್ತು. "ಅದು ಹೆಂಗಾಗುತ್ತೆ? ನಾನು ಅವಳನ್ನ ಗಟ್ಟಿ ಹೆಂಗ್ಸು ಅಂತ ನಂಬ್ಕಂಡು ಕುಂತಿದ್ದೆ. ನೀನು ಬೈದ ಮೇಲೆ ನಿದ್ದೆ ಬಿಟ್ಟು ಯೋಚ್ನೆ ಮಾಡಿ ಮನಸ್ಸು ಬದ್ಲಾಯಿಸ್ಕಂಡೆ. ನೀನು ಓದಿ ಹೇಳಿದ್ಯೋ ಓದ್ದೆ ಹೇಳಿದ್ಯೋ ನಂಗ್ಯಾಕೆ? ಹೇಳಿದ್ದು ಸರಿ ಇತ್ತು. ಈಗ ಪೂರಾ ಕೇಳಿ ತಪ್ಪು ಹೇಳ್ತಿದೀಯ!"

"ಕೊನೆ ಓದಿದೀಯಾ ನೀನು?" ಎಂದು ನಸೀಮಾ ಕೂಗಿದಳು.

"ಓದಿದೀನಮ್ಮಾ! ಅದುಕ್ಕೇ ಹೇಳ್ತಿರೋದು. ಕೆಟ್ಟ ನೀರು ಅಂತ ಗೊತ್ತಾದ್ಮೇಲೆ ಊರಿಗೆ ಹೇಳ್ಬೇಕಾ ಬ್ಯಾಡ್ವಾ? ನಮ್ ಪಾವಗಡ ಕಡೆ ನೀರು ಕುಡಿದು ಹಲ್ಲು ಕಂದಾಗಿರೋರು, ಮೂಳೆ ಬಗ್ಗಿರೋರು ಎಷ್ಟು ಜನ ನಿಂಗೊತ್ತಾ? ತಮ್ಮನ ಮರ್ಯಾದೆ ದೊಡ್ಡದಾ, ಊರ ಮಕ್ಕಳ ಕಾಲು ದೊಡ್ಡದಾ? ಬೀಗ ಹಾಕಿ ಸುಮ್ಕಿದ್ರೆ ಪಕ್ಕದ ಬಾವೀಲಿ ಅದೇ ನೀರು ಕುಡೀತಿರ್ತಾರಲ್ಲಮ್ಮಾ!"

"ಅವ್ಳು ಹೇಳಿದ್ರೆ ಆ ತಮ್ಮ ಬದುಕ್ತಿದ್ನೇನೋ?"

"ಬದುಕ್ತಿದ್ದ! ನಾಲ್ಕು ದಿನ ಅತ್ತು ಐದನೇ ದಿನ ಎದ್ದೇಳ್ತಿದ್ದ!"

"ಗಂಡಸರಿಗೆ ಏನು ಗೊತ್ತಾಗುತ್ತೆ" ಎಂದು ಪದ್ಮಕ್ಕ ನಡುವೆ ಬಾಯಿ ಹಾಕಿದಳು. "ಆದ್ರೂ ನಸೀಮಾ, ಅವನು ಹೇಳೋದ್ರಲ್ಲೂ ಐತೆ ಕಣಮ್ಮ."

ಅಲ್ಲಿಂದ ಮುಂದೆ ಯಾರು ಏನಂದರು ಎಂದು ಬರೆಯಲು ನನ್ನಿಂದಾಗದು. ಮೂವರೂ ಒಟ್ಟಿಗೆ ಮಾತಾಡುತ್ತಿದ್ದರು. ನಾನೂ ಬಿಡಲಿಲ್ಲ, ಬಷೀರಣ್ಣ ಹಿಂದಿನಿಂದ ಉರ್ದುವಿನಲ್ಲಿ ದ್ಯಾವಮ್ಮನ ಪರ ನಿಂತ. ಅಂಜಿನಪ್ಪನ ಹಣೆ ಹೋಗಿ ಕಿವಿ ಬಂತು, ಕಿವಿ ಹೋಗಿ ಮೇಲ್ಛಾವಣಿ ಬಂತು. ಮುಂದಿನ ಭಾನುವಾರ ಇದೇ ವಿಷಯ, ತಯಾರಾಗಿ ಬಾ ಎಂದು ಅವನು ಗದರಿಸಿ ಫೋನು ಕಟ್ ಮಾಡಿದ.

ನಸೀಮಾ ಬೆವತಿದ್ದಳು, ಮುಖ ಕೆಂಪಾಗಿತ್ತು.

"ಒಬ್ರೂ ಅನ್ಲಿಲ್ಲ ಕಣೇ" ಅಂದಳು. "ಅಯ್ಯೋ ಪಾಪ ಅಂತ ಒಬ್ರೂ ಅನ್ಲಿಲ್ಲ."

ಅವಳು ಅಳುತ್ತಾಳೆಂದು ನಾನು ಹತ್ತಿರ ಸರಿದೆ. ಅವಳು ಪುಸ್ತಕವನ್ನು ನನ್ನ ಮಡಿಲಿಗೆ ತಳ್ಳಿದಳು.

"ಮೂತಿ ನೋಡ್ಕಂಡು ಕುಂತ್ಕಬೇಡ. ಪಕ್ಕದ ಬಾವಿ ವಿಷಯ ಎಲ್ಲೋ ಬಂದಿತ್ತಲ್ಲ, ಅದನ್ನ ಹುಡುಕಿ ಓದೇ. ಆ ಅಂಜಿನಪ್ಪಂಗೆ ಸರಿಯಾಗಿ ಮಾಡ್ತೀನಿ."